ಕಾದಂಬರಿ ಬಗ್ಗೆ ಬರೆಯಲು ಬರುತ್ತದೆ, ಮಂಗಾ ಬಗ್ಗೆ ಹೇಗೆ ಬರೆಯುವುದು?

ಮಲ್ಲಿಗೆ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಓದಿದ ಪ್ರತಿ ಪುಸ್ತಕದ ಬಗ್ಗೆ ಒಂದು ಪುಟವಾದರೂ ಬರೆದಿಡುವುದು ನನ್ನ ರೂಢಿ. ಬರೆಯದಿದ್ದರೆ ಓದಿ ಮುಗಿಸಿದ ಹಾಗೇ ಅನ್ನಿಸುವುದಿಲ್ಲ. ಓದಿಗೆ ಇಂಥದ್ದೇ ಅಂತ ಇಲ್ಲ. ಕಪಾಟಿನಲ್ಲಿರುವ ಹಳೆಯ ಕಾದಂಬರಿ, ಲೈಬ್ರರಿಯಿಂದ ತಂದ ಪ್ರವಾಸಕಥನ, ಅಣ್ಣನ ಮಗ ಕೊಡುವ ಮಂಗಾ (ಜಪಾನಿನ ಕಾಮಿಕ್ಸ್), ಎಲ್ಲವೂ ನಡೆಯುತ್ತದೆ.

ಈಚೆಗೆ ಕಾರಂತರ ‘ಮೂಕಜ್ಜಿಯ ಕನಸುಗಳು’ ಮತ್ತೆ ಓದಿದೆ. ಅದರ ಬೆನ್ನಿಗೇ ಒಸಾಮು ತೆಜುಕಾ ಅವರ ‘ಬುದ್ಧ’, ಆಮೇಲೆ ಕೇಜಿ ನಾಕಾಜಾವಾ ಅವರ ‘ಬೇರ್‌ಫುಟ್ ಗೆನ್’, ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದ ಕಾಲದ ಹುಡುಗನೊಬ್ಬನ ಕಥೆ. ಎರಡರದ್ದೂ ಮೊದಲ ಸಂಪುಟ ಮಾತ್ರ, ಇಂಗ್ಲಿಷಿನಲ್ಲಿ. ಮೂಕಜ್ಜಿ ಬಗ್ಗೆ ಪುಟಗಟ್ಟಲೆ ಬರೆದೆ. ಗೆನ್ ಮುಗಿಸಿದ ರಾತ್ರಿ ನಿದ್ದೆ ಹತ್ತಲಿಲ್ಲ. ಆದರೆ ಬರೆಯಲು ಕೂತರೆ ಬಂದದ್ದು ಕಥೆಯ ಸಾರಾಂಶ, ಜೊತೆಗೆ ‘ಚಿತ್ರಗಳು ಮನಸ್ಸಿಗೆ ತಟ್ಟುತ್ತವೆ’ ಅನ್ನುವ ಒಂದು ಸಾಲು. ಅಂಥ ಪುಸ್ತಕಕ್ಕೆ ಇಷ್ಟು ಸಾಲದು ಅಲ್ವಾ? ಮಂಗಾ ಬಗ್ಗೆ ಬರೆಯುವವರು ನೀವು ಏನನ್ನು ನೋಡುತ್ತೀರಿ?

ಇನ್ನೊಂದು ವಿಷಯ. ಅಣ್ಣನ ಮಗಳು ಎಂಟನೇ ಕ್ಲಾಸು. ಗೆನ್ ಅವಳಿಗೆ ಕೊಡಬಹುದೇ?

ಗೆರೆ_ಬಣ್ಣ:

ಮಲ್ಲಿಗೆ ಅವರೇ, ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಂಗಾ ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳುತ್ತೇನೆ.

ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಬಿಡಿ. ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ನೋಡಿ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟ ತೆಗೆಯಿರಿ. ಅದರಲ್ಲಿ ದೊಡ್ಡ ಚೌಕ ಯಾವುದು? ಮಾತು ಎಲ್ಲಿ ನಿಂತಿದೆ? ಅಲ್ಲಿಂದ ಬರೆಯಲು ಶುರು ಮಾಡಿ.

ಜಿರೋ ತಾನಿಗುಚಿ ಅವರ ‘ದ ವಾಕಿಂಗ್ ಮ್ಯಾನ್’ ಸಿಕ್ಕರೆ ಓದಿ. ಒಬ್ಬ ಮನುಷ್ಯ ತನ್ನ ಬಡಾವಣೆಯಲ್ಲಿ ಸುಮ್ನೆ ನಡೆಯುತ್ತಾನೆ. ಮರಕ್ಕೆ ಸಿಕ್ಕಿಕೊಂಡ ಆಟದ ವಿಮಾನ ತೆಗೆಯಲು ಹತ್ತುತ್ತಾನೆ. ಒಂದು ರಾತ್ರಿ ಈಜುಕೊಳಕ್ಕೆ ಇಳಿಯುತ್ತಾನೆ. ಮಾತು ತೀರಾ ಕಡಿಮೆ. ಸಾರಾಂಶ ಬರೆಯಹೊರಟರೆ ಎರಡು ಸಾಲಿಗೆ ಮುಗಿಯುತ್ತದೆ. ಆದರೆ ಛಾವಣಿ, ಬೇಲಿ, ಎಲೆ ಎಲ್ಲವನ್ನೂ ಅವರು ಅಷ್ಟು ಬಿಡಿಸಿ ಬರೆದಿದ್ದಾರೆ. ನಮ್ಮ ಕಣ್ಣು ತಾನಾಗಿ ನಿಧಾನವಾಗುತ್ತದೆ, ಆ ಮನುಷ್ಯನ ನಡಿಗೆಯ ವೇಗಕ್ಕೆ ಬಂದು ಕೂರುತ್ತದೆ. ಅಲ್ಲಿ ಬರೆಯಬೇಕಾದದ್ದು ಇದೇ.

ಇನ್ನು, ನೀವು ಓದಿದ ಪುಸ್ತಕಗಳ ಸಾಲು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಮೂಕಜ್ಜಿ ಮತ್ತು ‘ಬುದ್ಧ’ ಎರಡನ್ನೂ ಒಟ್ಟಿಗೆ ಇಟ್ಟು ಬರೆಯಿರಿ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುವನ್ನು ಅಜ್ಜಿ ಮುಟ್ಟುತ್ತಾಳೆ, ಎಂದೋ ಆಗಿಹೋದದ್ದು ಅವಳಿಗೆ ಕಾಣುತ್ತದೆ. ‘ಬುದ್ಧ’ದಲ್ಲಿ ತತ್ತ ಅನ್ನುವ ಹುಡುಗ ಪ್ರಾಣಿಗಳ ಮೈಯೊಳಗೆ ಹೊಕ್ಕುತ್ತಾನೆ. ಇಬ್ಬರೂ ತಮ್ಮ ಮೈ ದಾಟಿ ಇನ್ನೊಂದು ಬದುಕನ್ನು ನೋಡುವವರೇ. ಆದರೆ ಅಜ್ಜಿ ಕಂಡದ್ದು ನಮಗೆ ಸಿಗುವುದು ಅವಳ ಬಾಯಿಂದ. ಅವಳ ಸಿಟ್ಟು, ತಮಾಷೆ, ಅನುಮಾನ ಎಲ್ಲ ಅದರಲ್ಲಿ ಬೆರೆತಿರುತ್ತದೆ. ನಂಬಬೇಕೋ ಬೇಡವೋ ಅಂತ ಸುಬ್ಬರಾಯನ ಜೊತೆ ನಾವೂ ಯೋಚಿಸುತ್ತೇವೆ. ತತ್ತನ ವಿಷಯದಲ್ಲಿ ಆ ಯೋಚನೆಗೆ ಜಾಗವೇ ಇಲ್ಲ. ಚೌಕದಲ್ಲಿ ಪ್ರಾಣಿ ಎದುರಿಗೇ ಇದೆ, ಓಡುತ್ತಿದೆ. ಬೇರೆ ಬೇರೆ ಬಗೆಯ ಪುಸ್ತಕ ಬೆರೆಸಿ ಓದುವವರಿಗೆ ಮಾತ್ರ ಇಂಥದ್ದು ಕಣ್ಣಿಗೆ ಬೀಳುತ್ತದೆ. ಮಂಗಾಗೆ ಬೇರೆ ನೋಟ್‌ಬುಕ್ ಮಾಡಬೇಡಿ.

ವಾರದ_ಓದು:

ಗೆರೆ ಸರ್ ಹೇಳಿದ್ದು ಸರಿ. ಆದರೆ ಒಂದೇ ಪುಟ ಹಿಡಿದು ಕೂತರೆ ಓಟ ತಪ್ಪಿಹೋಗುತ್ತದೆ. ಮಂಗಾ ಹೆಚ್ಚಾಗಿ ಮೊದಲು ಬರುವುದು ಪತ್ರಿಕೆಯಲ್ಲಿ, ಕಂತುಗಳಾಗಿ. ಗೆನ್ ಶುರುವಾದದ್ದು 1973ರಲ್ಲಿ, ‘ಶೋನೆನ್ ಜಂಪ್’ ಅನ್ನುವ ಹುಡುಗರ ವಾರಪತ್ರಿಕೆಯಲ್ಲಿ. ‘ಬುದ್ಧ’ 1972ರಿಂದ 1983ರವರೆಗೆ ಬಂತು. ‘ಸುಧಾ’, ‘ತರಂಗ’ದ ಧಾರಾವಾಹಿಗೆ ಕಾದು ಕೂತವರಿಗೆ ಇದು ಗೊತ್ತು. ಪ್ರತಿ ಕಂತಿನ ಕೊನೆಗೆ ಮುಂದೇನು ಅನ್ನಿಸುವ ಒಂದು ಕೊಕ್ಕೆ ಇರಲೇಬೇಕು. ಒಟ್ಟಿಗೆ ಓದುವಾಗ ಅದು ಜಾಸ್ತಿ ಅನ್ನಿಸಬಹುದು. ಅದನ್ನು ದೋಷ ಅಂತ ಬರೆಯುವ ಮೊದಲು ಈ ಲೆಕ್ಕ ನೆನಪಿರಲಿ.

ಇದೇ ಕಾರಣಕ್ಕೆ ಒಂದು ಸಂಪುಟ ಓದಿ ಸ್ಟಾರ್ ಕೊಡುವುದು ನನಗೆ ಒಪ್ಪಿಗೆಯಿಲ್ಲ. ‘ಬುದ್ಧ’ದ ಮೊದಲ ಸಂಪುಟದ ಬಹುಪಾಲು ತತ್ತ ಮತ್ತು ಚಾಪ್ರ ಅನ್ನುವ ಇನ್ನೊಬ್ಬ ಹುಡುಗನದ್ದೇ. ಬುದ್ಧನ ಕಥೆ ಎಲ್ಲಿದೆ ಅಂತ ಅಲ್ಲೇ ತೀರ್ಪು ಕೊಟ್ಟರೆ ಅನ್ಯಾಯ.

ಕಾವೇರಿ_ತೀರ:

ಅಕ್ಕ, ಅಣ್ಣನ ಮಗಳಿಗೆ ಗೆನ್ ಕೊಡಬಹುದು ಅಂತ ನನ್ನ ಅಭಿಪ್ರಾಯ. ಆದರೆ ಒಬ್ಬಳೇ ಓದುವುದು ಬೇಡ, ನೀವು ಜೊತೆಗಿರಿ. ಜಪಾನಿನಲ್ಲೂ ಈ ಪ್ರಶ್ನೆ ಬಂದಿತ್ತು. 2012ರ ಕೊನೆಗೆ ಮತ್ಸುಯೆ ನಗರದ ಶಿಕ್ಷಣ ಇಲಾಖೆ ಇದನ್ನು ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಇಡಲು ಶಾಲಾ ಲೈಬ್ರರಿಗಳಿಗೆ ಹೇಳಿತು. ಜನ ವಿರೋಧಿಸಿದರು, ಮರುವರ್ಷ ಆ ಸೂಚನೆ ವಾಪಸ್ ಹೋಯಿತು.

ಪುಟದ ಜೋಡಣೆ ಬಗ್ಗೆ ಬರೆಯುವ ಮೊದಲು ಒಂದು ನೋಡಿಕೊಳ್ಳಿ. ಮಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ಕೆಲವು ಇಂಗ್ಲಿಷ್ ಆವೃತ್ತಿಗಳಲ್ಲಿ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರುತ್ತಾರೆ. ಬಲಗೈಯ ಕತ್ತಿ ಎಡಗೈಗೆ ಹೋಗಿರುತ್ತದೆ.

ಮಲ್ಲಿಗೆ_ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಗೆನ್ ಬಗ್ಗೆ ಬರೆದೆ. ಸ್ವಲ್ಪ ಇಲ್ಲಿ ಹಾಕುತ್ತೇನೆ.

“ಕಥೆ ಶುರುವಾಗುವುದು ಗೋಧಿಯ ಪೈರಿನಿಂದ. ತುಳಿದಷ್ಟೂ ಗಟ್ಟಿಯಾಗಿ ಬೇರು ಬಿಡುವ ಗೋಧಿಯ ಹಾಗೆ ಬದುಕಿ ಅಂತ ಅಪ್ಪ ಮಕ್ಕಳಿಗೆ ಹೇಳುತ್ತಾನೆ. ಬಾಂಬ್ ಬೀಳುವುದು ಸಂಪುಟದ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೂ ಹಸಿವಿನ ಕಥೆ. ಯುದ್ಧ ಬೇಡ ಅಂದ ಅಪ್ಪನನ್ನು ಅಕ್ಕಪಕ್ಕದವರು ದ್ರೋಹಿ ಅನ್ನುವ ಕಥೆ. ಮಕ್ಕಳ ಮುಖ ದುಂಡಗೆ, ಬಾಯಿ ಅಗಲ, ಜಗಳ ನಗು ಎಲ್ಲ ಮಕ್ಕಳ ಕಾಮಿಕ್ಸಿನದೇ. ಆಮೇಲೆ ಚರ್ಮ ಜೋತುಬಿದ್ದ ಜನ ನಡೆದು ಬರುತ್ತಾರೆ. ಅವರನ್ನೂ ಬರೆದದ್ದು ಅದೇ ಗೆರೆ. ನಾಕಾಜಾವಾ ಗೆರೆ ಬದಲಿಸಲಿಲ್ಲ. 1945ರ ಆಗಸ್ಟ್ 6ರಂದು ಅವರು ಹಿರೋಶಿಮಾದಲ್ಲಿದ್ದ ಆರು ವರ್ಷದ ಹುಡುಗ. ಅಪ್ಪ, ಅಕ್ಕ, ತಮ್ಮ ಮೂವರನ್ನೂ ಕಳೆದುಕೊಂಡರು. ಆ ವಯಸ್ಸಿನ ಕಣ್ಣಿಗೆ ನಗುವ ಲೋಕ ಬೇರೆ, ಸಾಯುವ ಲೋಕ ಬೇರೆ ಅಂತ ಇರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಇದು.

ಒಂದು ತಕರಾರೂ ಇದೆ. ಮೂಕಜ್ಜಿ ಮಾತಾಡಿದರೆ ಕಾದಂಬರಿ ಮುಂದೆ ಹೋಗುತ್ತದೆ. ಇಲ್ಲಿ ಅಪ್ಪ ಯುದ್ಧದ ಬಗ್ಗೆ ಉದ್ದಕ್ಕೆ ಮಾತಾಡುವಾಗ ಚಿತ್ರಕ್ಕೆ ಕೆಲಸವಿಲ್ಲ. ಅದೇ ಅಪ್ಪ ಕುಸಿದ ಮನೆಯಡಿ ಸಿಕ್ಕಿ, ಅಮ್ಮನನ್ನು ಕರೆದುಕೊಂಡು ಹೋಗು ಅಂತ ಗೆನ್‌ಗೆ ಹೇಳುವಾಗ ಒಂದು ಮಾತೂ ಜಾಸ್ತಿ ಅನ್ನಿಸುವುದಿಲ್ಲ.”

‘ಬುದ್ಧ’ ಬಗ್ಗೆ ಇನ್ನಷ್ಟು ಸಂಪುಟ ಓದಿ ಬರೆಯುತ್ತೇನೆ. ಗೆರೆ ಸರ್, ‘ದ ವಾಕಿಂಗ್ ಮ್ಯಾನ್’ ಇಲ್ಲಿನ ಲೈಬ್ರರಿಯಲ್ಲಿ ಇಲ್ಲ. ಹುಬ್ಬಳ್ಳಿ ಧಾರವಾಡ ಕಡೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಓದಿ ಜೋಪಾನವಾಗಿ ಹಿಂದಿರುಗಿಸುತ್ತೇನೆ.