ಒಂದು ಟ್ವೀಟರ್ ಬದಲಿಸಿದ ಮೇಲೆ ಎಡ-ಬಲ ಒಂದೇ ಥರ ಕೇಳಿಸುತ್ತಿಲ್ಲ

ತಂಬೂರಿ_ಕಿವಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸುಮಾರು 20 ವರ್ಷ ಹಳೆಯ ಥ್ರೀ-ವೇ ಟವರ್ ಸ್ಪೀಕರ್ ಜೋಡಿ ಇದೆ. ಬಲಗಡೆಯ ಟ್ವೀಟರ್ (ಚೂಪಾದ, ಎತ್ತರದ ಸದ್ದುಗಳನ್ನು ನುಡಿಸುವ ಚಿಕ್ಕ ಭಾಗ) ನಿಂತುಹೋಯಿತು, ಮಲ್ಟಿಮೀಟರ್ ಇಟ್ಟರೆ ರೀಡಿಂಗೇ ಇಲ್ಲ, ಕಾಯಿಲ್ ಕಟ್ ಆಗಿದೆ. ಅದೇ ಮಾಡೆಲ್‌ನ ಹೊಸ ಸಿಲ್ಕ್ ಡೋಮ್ (ಸದ್ದು ಹೊರಡಿಸುವ ಪುಟ್ಟ ರೇಷ್ಮೆ ಗುಮ್ಮಟ) ಟ್ವೀಟರ್ ತರಿಸಿ ಹಾಕಿದೆ. ಈಗ ಆ ಕಡೆ ಸದ್ದು ತುಂಬಾ ಚೂಪು. ತಾಳದ ಸದ್ದು, ತಂಬೂರಿಯ ಝೇಂಕಾರ ಎಲ್ಲ ಬಲಕ್ಕೇ ಎಳೆಯುತ್ತದೆ, ಹಾಡುವವರ ದನಿ ನಡುವೆ ನಿಲ್ಲುವುದೇ ಇಲ್ಲ. ಅಂಗಡಿಯವರು 100 ಗಂಟೆ ಓಡಿಸಿ, ತಾನಾಗಿ ಸರಿಹೋಗುತ್ತದೆ ಅಂದರು. ಕಾಯಬೇಕಾ? ಬ್ರೇಕ್-ಇನ್ ಬೇಗ ಆಗಲಿ ಅಂತ ರಾತ್ರಿಯಿಡೀ ಜೋರಾಗಿ ಹಾಕಿಡಬಹುದಾ?

ಹಳೇ_ರೇಡಿಯೊ:
ಜೋರಾಗಿ ಹಾಕಿಡಬೇಡಿ ಸರ್, ದಯವಿಟ್ಟು. ಟ್ವೀಟರ್ ಕಾಯಿಲ್ ಕೂದಲಿನಷ್ಟು ಸಣ್ಣ ತಂತಿ, ಶಾಖ ತಡೆಯುವುದಿಲ್ಲ.

ನನ್ನ ಅನುಮಾನ ನಿಮ್ಮ ಎಡಗಡೆಯ ಹಳೆ ಟ್ವೀಟರ್ ಮೇಲೆ. ಹಲವು ಟ್ವೀಟರ್‌ಗಳಲ್ಲಿ ಮ್ಯಾಗ್ನೆಟ್ ಸಂದಿಯೊಳಗೆ ಫೆರೋಫ್ಲೂಯಿಡ್ ಅನ್ನುವ ಕಪ್ಪು ಎಣ್ಣೆ ಇರುತ್ತದೆ. ಕಾಯಿಲ್‌ನ ಶಾಖ ಹೀರುವುದು, ರೆಸೊನೆನ್ಸ್ (ಒಂದು ಫ್ರೀಕ್ವೆನ್ಸಿಯಲ್ಲಿ ಡೋಮ್ ತಾನಾಗಿ ಹೆಚ್ಚು ಕಂಪಿಸುವುದು) ತಗ್ಗಿಸುವುದು ಅದರ ಕೆಲಸ. ವರ್ಷಗಳು ಕಳೆದ ಹಾಗೆ ಅದು ಗಟ್ಟಿಯಾಗಿ ಅಂಟಾಗುತ್ತದೆ, ಡೋಮ್ ಸರಾಗವಾಗಿ ಆಡುವುದಿಲ್ಲ, ಸದ್ದು ಮಂಕಾಗುತ್ತದೆ. ಇದು ನಿಧಾನಕ್ಕೆ ಆಗುವುದರಿಂದ ನಮ್ಮ ಕಿವಿ ಅದಕ್ಕೇ ಹೊಂದಿಕೊಂಡುಬಿಟ್ಟಿರುತ್ತದೆ. ಹೊಸದು ಪಕ್ಕಕ್ಕೆ ಬಂದಾಗಲೇ ಗೊತ್ತಾಗುವುದು. ಅದಕ್ಕೇ ಟ್ವೀಟರ್ ಯಾವಾಗಲೂ ಜೋಡಿಯಾಗಿ ಬದಲಿಸಬೇಕು ಅನ್ನುವುದು.

ಎರಡೂ ಟ್ವೀಟರ್ ಅದಲುಬದಲು ಮಾಡಿ ನೋಡಿ. ಚೂಪು ಸದ್ದು ಎಡಕ್ಕೆ ಹೋದರೆ ವ್ಯತ್ಯಾಸ ಟ್ವೀಟರ್‌ನದು, ಬಲದಲ್ಲೇ ಉಳಿದರೆ ಕ್ರಾಸ್‌ಓವರ್‌ನದು, ಅಂದರೆ ಯಾವ ಫ್ರೀಕ್ವೆನ್ಸಿ ಯಾವ ಡ್ರೈವರ್‌ಗೆ ಹೋಗಬೇಕು ಅಂತ ಹಂಚುವ ಸರ್ಕ್ಯೂಟ್‌ನದು. ಬಿಚ್ಚುವಾಗ ಸ್ಕ್ರೂಡ್ರೈವರ್ ಮೇಲೆ ಗಮನ ಇರಲಿ, ಮ್ಯಾಗ್ನೆಟ್ ಅದನ್ನು ಸೆಳೆದುಕೊಂಡರೆ ನೇರವಾಗಿ ಡೋಮ್‌ಗೆ ಚುಚ್ಚುತ್ತದೆ. ಡೋಮ್ ಮೇಲೆ ಒಂದು ಗಟ್ಟಿ ಮುಚ್ಚಳ ಇಟ್ಟುಕೊಂಡು ಕೆಲಸ ಮಾಡಿ.

ಮಲೆನಾಡು_ಸ್ಟೀರಿಯೊ:
ಬ್ರೇಕ್-ಇನ್ ಪೂರ್ತಿ ಸುಳ್ಳೇನಲ್ಲ ಅಲ್ವಾ? ಹೊಸ ಡೋಮ್ ಸುತ್ತಲಿನ ಅಂಚು ಸ್ವಲ್ಪ ಬಿಗಿ ಇರುತ್ತದೆ, ನುಡಿಸುತ್ತಾ ಸಡಿಲವಾಗುತ್ತದೆ. ಮಾಮೂಲಿ ವಾಲ್ಯೂಮ್‌ನಲ್ಲಿ ದಿನಾ ಕೇಳಿದರೆ ಸಾಕು.

ಹಳೇ_ರೇಡಿಯೊ:
ಸುಳ್ಳು ಅಂತ ನಾನೂ ಹೇಳುತ್ತಿಲ್ಲ. ಆದರೆ ಕೆಳಗಿನ ಸದ್ದು ನುಡಿಸುವ ವೂಫರ್‌ನ ಹಾಗೆ ಟ್ವೀಟರ್ ದೊಡ್ಡದಾಗಿ ಅಲುಗಾಡುವುದಿಲ್ಲ. ಅಂಚು ಸಡಿಲವಾದರೆ ರೆಸೊನೆನ್ಸ್ ಫ್ರೀಕ್ವೆನ್ಸಿ ಸ್ವಲ್ಪ ಇಳಿಯಬಹುದು, ಅದು ಸಾಮಾನ್ಯವಾಗಿ ಕ್ರಾಸ್‌ಓವರ್ ಟ್ವೀಟರ್‌ಗೆ ಕಳಿಸುವ ಫ್ರೀಕ್ವೆನ್ಸಿಗಿಂತ ಕೆಳಗೇ ಇರುತ್ತದೆ. ದನಿ ಒಂದು ಕಡೆ ವಾಲುವಷ್ಟು ವ್ಯತ್ಯಾಸ ಅದರಿಂದ ಬರುವುದಿಲ್ಲ. 100 ಗಂಟೆ ಕಾಯುವಷ್ಟರಲ್ಲಿ ರಿಟರ್ನ್ ಅವಧಿ ಮುಗಿದುಹೋಗಬಹುದು, ಅದನ್ನೂ ನೋಡಿಕೊಳ್ಳಿ.

ಓಮ್_ಮೀಟರ್:
ಸುಮ್ನೆ ವಾದ ಯಾಕೆ, ಅಳೆದುಬಿಡಿ. ಸದ್ದು ಅಳೆಯಲು ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಒಂದು ಯುಎಸ್‌ಬಿ ಅಳತೆ ಮೈಕ್ ಬೇಕು. ಮೈಕನ್ನು ಟ್ವೀಟರ್ ಎತ್ತರಕ್ಕೆ, ಎರಡೂ ಸ್ಪೀಕರ್‌ಗೆ ಒಂದೇ ದೂರದಲ್ಲಿ ಇಟ್ಟು ಒಂದೊಂದೇ ಸ್ವೀಪ್ (ಕೆಳಗಿನಿಂದ ಮೇಲಿನವರೆಗೆ ಏರುವ ಪರೀಕ್ಷಾ ಸದ್ದು) ತೆಗೆಯಿರಿ. ಮೇಲಿನ ಫ್ರೀಕ್ವೆನ್ಸಿಯಲ್ಲಿ ಎಡದ ಗೆರೆ ಕೆಳಗಿದ್ದರೆ ಹಳೇ_ರೇಡಿಯೊ ಹೇಳಿದ್ದೇ ಸರಿ.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ, ಹಳೆಯದು ಸುಟ್ಟಿದ್ದು ಯಾಕೆ? ಟ್ವೀಟರ್‌ಗೆ ಸೀರೀಸ್‌ನಲ್ಲಿರುವ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಕೆಳಗಿನ ಫ್ರೀಕ್ವೆನ್ಸಿಯೂ ಒಳಗೆ ನುಗ್ಗಿ ಹೊಸದನ್ನೂ ಸುಡುತ್ತದೆ. ಆಂಪ್ಲಿಫೈಯರ್ ಅದರ ಮಿತಿ ಮೀರಿ ಕ್ಲಿಪ್ ಆದರೂ, ಅಂದರೆ ಅಲೆಯ ತುದಿ ಕತ್ತರಿಸಿಹೋದರೂ ಅಷ್ಟೇ. ತಂತಿ ಬೆಸುಗೆ ಹಾಕಿದ್ದೀರಾದರೆ ಪ್ಲಸ್-ಮೈನಸ್ ಹಳೆಯ ಗುರುತಿನ ಪ್ರಕಾರವೇ ಇದೆಯಾ ನೋಡಿ. ಕೆಲವು ಕ್ರಾಸ್‌ಓವರ್‌ಗಳಲ್ಲಿ ಟ್ವೀಟರನ್ನು ಬೇಕೆಂದೇ ಉಲ್ಟಾ ಜೋಡಿಸಿರುತ್ತಾರೆ, ನಾವು "ಸರಿ" ಮಾಡಲು ಹೋದರೆ ದನಿ ಟೊಳ್ಳಾಗುತ್ತದೆ.

ತಂಬೂರಿ_ಕಿವಿ:
ತುಂಬಾ ಧನ್ಯವಾದ. ಇವತ್ತು ಅದಲುಬದಲು ಮಾಡಿದೆ, ಚೂಪು ಸದ್ದು ಎಡಕ್ಕೆ ಬಂತು. ಕೆಪಾಸಿಟರ್ ಶಾರ್ಟ್ ಇಲ್ಲ, ತಂತಿಗಳೂ ಸರಿ ಇವೆ. ಹಳೆಯದಕ್ಕೆ ಹೊಸ ಫೆರೋಫ್ಲೂಯಿಡ್ ಹಾಕಿಸಲಾ, ಇಲ್ಲ ಇನ್ನೊಂದು ಹೊಸದೇ ತರಿಸಲಾ?

ಹಳೇ_ರೇಡಿಯೊ:
ಮಾಡೆಲ್ ಇನ್ನೂ ಸಿಗುತ್ತಿರುವಾಗ ಹೊಸದೇ ತರಿಸಿ. ಫೆರೋಫ್ಲೂಯಿಡ್ ಹಾಕುವಾಗ ಹಳೆಯದನ್ನು ಪೂರ್ತಿ ಒರೆಸಬೇಕು, ಆ ಟ್ವೀಟರ್‌ಗೆ ಹೇಳಿದ ದಪ್ಪದ ಎಣ್ಣೆಯನ್ನೇ, ಹೇಳಿದಷ್ಟೇ ತುಂಬಬೇಕು. ಹಳೆಯ ಟ್ವೀಟರನ್ನು ಮಾತ್ರ ಎಸೆಯಬೇಡಿ, ಕಾಯಿಲ್ ಚೆನ್ನಾಗಿದೆ, ಮುಂದೆ ಆ ಮಾಡೆಲ್ ನಿಂತುಹೋದರೆ ಬೇಕಾಗುತ್ತದೆ.