ಅಪ್‌ಡೇಟ್: ಬಜಾಲ್ ಗದ್ದೆಯ ಬಿಳಿ ಹುಬ್ಬಿನ ಹಕ್ಕಿ ಸಿಕ್ಕಿತು

ಹೋದ ವಾರ ಕೇಳಿದ್ದೆ ಅಲ್ವಾ, ಮಂಗಳೂರಿನ ಬಜಾಲ್ ಕಡೆ ಹಡಿಲು ಬಿದ್ದ (ಬೇಸಾಯ ಬಿಟ್ಟ) ಗದ್ದೆಯಲ್ಲಿ ಗುಬ್ಬಿ ಗಾತ್ರದ ಕಂದು ಹಕ್ಕಿ ಬಾಲ ಎತ್ತಿಕೊಂಡು ಆಪು ಎಂಬ ಎತ್ತರದ ಕೆಸರು ಹುಲ್ಲಿನೊಳಗೆ ಓಡಿತು, ಯಾವುದಿರಬಹುದು ಅಂತ? ಹೆಚ್ಚಿನವರು ಹೆಣ್ಣು ಮಡಿವಾಳ ಹಕ್ಕಿ ಎಂದಿರಿ. ಒಬ್ಬರು ಮಾತ್ರ "ಬಾಲದ ಬುಡ ನೋಡಿ" ಎಂದರು. ಅವರಿಗೆ ದೊಡ್ಡ ನಮಸ್ಕಾರ.

ಮೂರು ದಿನ ಬೆಳಿಗ್ಗೆ ಹೋದೆ. ಮೊದಲೆರಡು ದಿನ ಸಿಕ್ಕಿದ್ದು ಸೊಳ್ಳೆ ಕಡಿತ ಮಾತ್ರ. ದನಕ್ಕೆ ಹುಲ್ಲು ಕೊಯ್ಯುತ್ತಿದ್ದ ಅಕ್ಕ ಒಬ್ಬರು, "ಎಂಥ ಹುಡುಕುವುದು ಮಾರಾಯ್ರೆ, ಹಾವುಂಟಾ?" ಎಂದು ಕೇಳಿದರು.

ಮೂರನೇ ದಿನ ಸುಮ್ನೆ ಕೂತಿದ್ದೆ. ಏಳು ಗಂಟೆ ಹೊತ್ತಿಗೆ ಅದೇ ಹೊರಗೆ ಬಂತು. ಕೆಸರಿನ ಮೇಲೆ ನಾಲ್ಕು ಹೆಜ್ಜೆ ಓಟ, ಒಂದು ನಿಲುಗಡೆ, ಮತ್ತೆ ಓಟ. ನನ್ನ ಕಡೆ ತಿರುಗಿದಾಗ ಕೊರಳಲ್ಲಿ ನೀಲಿ! ಚಳಿಗಾಲವಲ್ಲವಾ, ಬಣ್ಣ ಪೂರ್ತಿ ಇಲ್ಲ, ನಡುನಡುವೆ ಬಿಳಿ. ಕೆಳಗೆ ಇಟ್ಟಿಗೆ ಬಣ್ಣದ ಪಟ್ಟಿ. ಹಾರಿದಾಗ ಬಾಲದ ಬುಡದ ಎರಡೂ ಕಡೆ ಕೆಂಗಂದು ಕಂಡಿತು. ಬ್ಲೂತ್ರೋಟ್ (ನೀಲಿ ಕೊರಳಿನ ಹಕ್ಕಿ), ಗಂಡು. ಮಡಿವಾಳಕ್ಕೆ ಆ ಬಿಳಿ ಹುಬ್ಬೂ ಇಲ್ಲ, ಆ ಬಾಲವೂ ಇಲ್ಲ.

ಲಡಾಖ್‌ನಿಂದ ಹಿಡಿದು ಸೈಬೀರಿಯಾದವರೆಗೆ ಮರಿ ಮಾಡುವ ಹಕ್ಕಿ ಇದು. ಹಾಡು ಮಾತ್ರ ಕೇಳಲಿಲ್ಲ, ಬರೀ 'ಟಕ್ ಟಕ್'. ಫೋಟೊ ಮಸುಕಾಗಿದೆ, ಆದರೂ ಬಾಲ ಸ್ಪಷ್ಟ. ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದ್ದೇನೆ. ನೋಡಲು ಹೋಗುವವರು ದಯವಿಟ್ಟು ಹುಲ್ಲು ತುಳಿಯಬೇಡಿ, ಫೋನಿನಲ್ಲಿ ಅದರ ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯಬೇಡಿ. ಬದುವಿನ ಮೇಲೆ ಕೂತರೆ ಸಾಕು, ಅದಾಗಿಯೇ ಬರುತ್ತದೆ.