ಶಿವಮೊಗ್ಗದ ನಲ್ಲಿ ನೀರಿಗೆ ಆರ್‌ಒ ಬೇಕಾ? ಸೇಲ್ಸ್‌ನವನು ಲೋಟದಲ್ಲಿ ತೋರಿಸಿದ್ದು ನಿಜಾನಾ?

ಕೋಲಾರದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ. ಯಜಮಾನರಿಗೆ ವರ್ಗ ಆಗಿ ಈ ಜೂನ್‌ನಲ್ಲಿ ಶಿವಮೊಗ್ಗಕ್ಕೆ ಬಂದೆವು. ಬಾಡಿಗೆ ಮನೆ, ಹಳೇ ಕಟ್ಟಡ. ಮನೆಯಲ್ಲಿ ಅತ್ತೆ, ಎರಡು ವರ್ಷದ ಮಗ.

ನಾನು ಹುಟ್ಟಿದಾಗಿನಿಂದ ಬೋರ್ ನೀರು ನೋಡಿದವಳು. ಪಾತ್ರೆ ತಳದಲ್ಲಿ ಬಿಳಿ ಪದರ, ಕೆಟ್ಟು ಹೋಗುವ ಗೀಸರ್ ಕಾಯಿಲ್, ಎಷ್ಟು ವಿಷಲ್ ಕೂಗಿಸಿದರೂ ಬೇಯದ ಬೇಳೆ. ಇಲ್ಲಿ ಬಂದ ಮೊದಲ ವಾರ ಬೇಳೆ ಕರಗಿ ಹೋಯಿತು, ಅಷ್ಟು ಮೆತ್ತಗಿನ ನೀರು. ಅತ್ತೆಗೆ ಮಾತ್ರ ಬೇಜಾರು. ಎಷ್ಟು ತೊಳೆದರೂ ಮೈಮೇಲೆ ಸೋಪು ಹೋಗೋದೇ ಇಲ್ಲ ಅಂತ ದಿನಾ ಗೊಣಗುತ್ತಾರೆ.

ಆಮೇಲೆ ಮಳೆ ಜೋರಾಯಿತು. ನಲ್ಲಿಯಲ್ಲಿ ತೆಳು ಚಹಾ ಬಣ್ಣದ ನೀರು ಶುರು. ಬಿಳಿ ಬಕೆಟ್‌ನಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಸಣ್ಣ ಕೆಸರು. ನಮ್ಮ ಬೀದಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬರುತ್ತೆ. ಮೊದಲು ಬರುವ ನೀರಿಗೆ ಕೆಲವು ದಿನ ಒಂಥರಾ ವಾಸನೆ ಇರುತ್ತೆ, ಆಮೇಲೆ ಹೋಗುತ್ತೆ. ಪಕ್ಕದ ಮನೆಯವರು ನಲ್ಲಿಗೇ ಬಾಯಿಟ್ಟು ಕುಡಿಯುವ ಜನ, "ನಮಗೇನೂ ಆಗಿಲ್ಲಮ್ಮ" ಅಂತಾರೆ. ನನ್ನ ಮಗನಿಗೆ ಹೋದ ವಾರ ಭೇದಿ ಆಯಿತು. ಡಾಕ್ಟರು ಓಆರ್‌ಎಸ್ ಕೊಟ್ಟು, ನೀರು ಕುದಿಸಿ ಕೊಡಿ ಅಂದರು.

ಇದು ಯಾರಿಗೆ ಹೇಗೆ ಗೊತ್ತಾಯಿತೋ, ಆರ್‌ಒ ಮಾರುವ ಹುಡುಗ ಬಂದ. ಮೊದಲು ನಮ್ಮ ನಲ್ಲಿ ನೀರಿಗೆ ಪೆನ್ನಿನ ಥರದ ಮೀಟರ್ ಅದ್ದಿದ. 64 ತೋರಿಸಿತು. ಅದರ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಎರಡು ಲೋಟ ಕೇಳಿದ. ಒಂದರಲ್ಲಿ ನಮ್ಮ ನೀರು, ಇನ್ನೊಂದರಲ್ಲಿ ಅವನ ಬಾಟಲಿ ನೀರು. ಕಂಬಿ ಇರುವ ಒಂದು ಯಂತ್ರ ಎರಡಕ್ಕೂ ಇಳಿಬಿಟ್ಟು ಪ್ಲಗ್ ಹಾಕಿದ. ನೋಡ್ತಾ ನೋಡ್ತಾ ನಮ್ಮ ಲೋಟದಲ್ಲಿ ಹಸಿರು ಮಿಶ್ರಿತ ಕಂದು ಗಸಿ ಎದ್ದಿತು. ಅವನ ನೀರು ಹಾಗೇ ತಿಳಿ. "ಮೇಡಂ, ಮಗುವಿಗೆ ಇದನ್ನೇ ಕುಡಿಸ್ತಿದ್ದೀರಿ" ಅಂದ. ಅತ್ತೆಗೆ ಅವತ್ತಿಂದ ನಿದ್ದೆ ಇಲ್ಲ. ಬೆಲೆ ಹದಿನಾರು ಸಾವಿರ.

ತಗೊಳ್ಳೋಣವಾ? ಈ ನೀರು ನಿಜವಾಗಲೂ ಅಷ್ಟು ಕೆಟ್ಟದಾ?

ವಿದ್ಯಾನಗರದ ರವಿ

ಅಕ್ಕ, ಮಗು ಇರೋ ಮನೆ. ಯೋಚನೆ ಮಾಡ್ಬೇಡಿ, ಆರ್‌ಒ ಹಾಕಿಸಿಬಿಡಿ. ನಮ್ಮನೇಲೂ ಇದೆ, ಆರಾಮಾಗಿದ್ದೇವೆ.

ನಿವೃತ್ತ ಲ್ಯಾಬ್‌ನವ

ತಾಯಿ, ಹಣ ಕೊಡುವ ಮುಂಚೆ ಇದನ್ನು ಓದಿ. ನಾನು ಬೇರೆ ಊರಿನ ನೀರು ಶುದ್ಧೀಕರಣ ಘಟಕದ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಎರಡು ಲೋಟದ ಆಟ ನೋಡಿ ನೋಡಿ ತಲೆ ಕೆಟ್ಟಿದೆ.

ಆ ಯಂತ್ರದಲ್ಲಿ ಕಬ್ಬಿಣದ ಕಂಬಿ, ಅಲ್ಯೂಮಿನಿಯಂ ಕಂಬಿ ಇರುತ್ತವೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಬ್ಬಿಣ ಕರಗಿ ತುಕ್ಕಾಗಿ ಗಸಿ ಏಳುತ್ತೆ. ನೀವು ನೋಡಿದ್ದು ಅವನ ಕಂಬಿಯ ತುಕ್ಕು, ನಿಮ್ಮ ನೀರಿನ ಕೊಳೆ ಅಲ್ಲ. ಆರ್‌ಒ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕರೆಂಟ್ ಹರಿಯಲ್ಲ, ತಿಳಿಯಾಗೇ ಇರುತ್ತೆ. ಅವನು ಮತ್ತೆ ಬಂದರೆ ಅವನ ತಿಳಿ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಪ್ಲಗ್ ಹಾಕು ಅನ್ನಿ. ನಿಮ್ಮ ಲೋಟಕ್ಕಿಂತ ಜಾಸ್ತಿ ಗಸಿ ಬರುತ್ತೆ. ಅವನ ಮುಖ ನೋಡಿ ಆಮೇಲೆ.

ಮೀಟರ್ 64 ತೋರಿಸಿತು ಅಂದಿರಲ್ಲ, ಅಲ್ಲಿಗೇ ಆರ್‌ಒ ಮಾತು ಮುಗಿಯಿತು. ಅದು ಟಿಡಿಎಸ್, ಅಂದ್ರೆ ಕರಗಿದ ಲವಣದ ಲೆಕ್ಕ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ಒಪ್ಪುತ್ತಾರೆ. ಆರ್‌ಒ ಇರುವುದೇ ಲವಣ ತೆಗೆಯಲು. 64ರಲ್ಲಿ ತೆಗೆಯೋದಕ್ಕೆ ಏನಿದೆ? ಮೇಲಿಂದ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತೆ.

ಅದೇ ಮೀಟರಿಗೆ ಕ್ರಿಮಿ ಕಾಣಲ್ಲ. ಒಂದು ಬಿಂದಿಗೆ ನೀರಿಗೆ ಒಂದು ಹನಿ ಮೋರಿ ನೀರು ಬಿಟ್ಟರೂ ಅಂಕಿ ಅಲ್ಲಾಡಲ್ಲ. ಭೇದಿ ಬರುವುದು ಆ ಹನಿಯಿಂದ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರಲ್ಲ, ವಾಂತಿ ಭೇದಿಯಿಂದ. ಲವಣ ಜಾಸ್ತಿ ಆಗಿ ಅಲ್ಲ.

ಈಗ ಕೆಂಪು ನೀರು. ಮಳೆಗಾಲದಲ್ಲಿ ಹೊಳೆ ಮಣ್ಣು ಹೊತ್ತು ತರುತ್ತೆ. ಘಟಕದಲ್ಲಿ ಪಟಕ (ಆಲಂ) ಹಾಕಿ ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಕೊಟ್ಟು ಬಿಡುತ್ತಾರೆ. ಎಷ್ಟು ಪಟಕ ಅನ್ನುವುದು ದಿನಾ ಬೇರೆ. ನಾವು ಸಾಲಾಗಿ ಬೀಕರ್ ಇಟ್ಟು, ಒಂದೊಂದಕ್ಕೆ ಒಂದೊಂದು ಅಳತೆ ಪಟಕ ಹಾಕಿ, ಮೊದಲು ಜೋರಾಗಿ ಆಮೇಲೆ ನಿಧಾನಕ್ಕೆ ತಿರುಗಿಸಿ, ಯಾವುದರಲ್ಲಿ ಮಣ್ಣು ಗಂಟು ಕಟ್ಟಿ ಬೇಗ ತಳ ಸೇರುತ್ತೆ ನೋಡುತ್ತಿದ್ದೆವು. ರಾತ್ರಿ ಘಟ್ಟದಲ್ಲಿ ಮಳೆ ಬಿದ್ದರೆ ಬೆಳಿಗ್ಗೆಯ ಲೆಕ್ಕ ಮಧ್ಯಾಹ್ನಕ್ಕೆ ಹಳಸಿರುತ್ತಿತ್ತು. ಒಮ್ಮೊಮ್ಮೆ ಹೊಳೆ ನಮಗಿಂತ ಮುಂದೆ ಓಡುತ್ತೆ, ಆಗ ನಲ್ಲಿಯಲ್ಲಿ ಬಣ್ಣ ಬರುತ್ತೆ.

ಬಣ್ಣದ ಮಣ್ಣು ಮಗುವನ್ನು ಕೊಲ್ಲಲ್ಲ. ತೊಂದರೆ ಬೇರೆ ಕಡೆ ಇದೆ. ಮಣ್ಣು, ಕೊಳೆತ ಎಲೆಯ ರಸ ಇವು ಕ್ಲೋರಿನ್ ತಿಂದುಬಿಡುತ್ತವೆ. ಕ್ರಿಮಿ ಮಣ್ಣಿನ ಕಣದ ಮರೆಯಲ್ಲಿ ಉಳಿಯುತ್ತೆ. ಹಾಗಾಗಿ ಬಣ್ಣ ಬಂದ ದಿನ ಕ್ಲೋರಿನ್ ನಂಬಬೇಡಿ. ಕೂರಲು ಬಿಡಿ, ದಪ್ಪ ಬಟ್ಟೆಯಲ್ಲಿ ಸೋಸಿ, ಕುದಿಸಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಅರ್ಧ ಗಂಟೆ ಕುದಿಸಿ ಗ್ಯಾಸ್ ಸುಡಬೇಡಿ. ಆರಿದ ಮೇಲೆ ಅದೇ ಪಾತ್ರೆಯಿಂದ ಸೌಟಿನಲ್ಲಿ ಬಗ್ಗಿಸಿ. ಮಗು ಕೈ ಅದ್ದಿದರೆ ಕುದಿಸಿದ್ದು ದಂಡ.

ನನಗೆ ಅನುಮಾನ ಇರುವುದು ನೀವು ಹೇಳಿದ ಆ ಮೊದಲ ನೀರಿನ ವಾಸನೆ ಮೇಲೆ. ಇದನ್ನು ಪರೀಕ್ಷೆ ಮಾಡಿ, ಖರ್ಚು ಕಡಿಮೆ. ಈಜುಕೊಳದ ಸಾಮಾನು ಮಾರುವ ಕಡೆ ಅಥವಾ ಆನ್‌ಲೈನ್‌ನಲ್ಲಿ ಕ್ಲೋರಿನ್ ನೋಡುವ ಓಟಿ ದ್ರಾವಣದ ಪೆಟ್ಟಿಗೆ ಸಿಗುತ್ತೆ. ಗೆರೆವರೆಗೆ ನೀರು ತುಂಬಿ, ಹನಿ ಹಾಕಿದ ತಕ್ಷಣ ಬಣ್ಣ ನೋಡಿ. ಹಳದಿ ಬಂದರೆ ಕ್ಲೋರಿನ್ ಇದೆ. ಮನೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಹನಿ ಹಾಕಿದ ನೀರು ಚೆಲ್ಲಿ, ಅದು ವಿಷ. ಜೊತೆಗೆ ಎಚ್‌2ಎಸ್ ಬಾಟಲಿ ಅಂತ ಸಿಗುತ್ತೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿರುವ ಕಡೆ ಇಡಿ. ಕಪ್ಪಾದರೆ ಮಲದ ಕ್ರಿಮಿ ಸೇರಿದೆ ಅಂತ ಅನುಮಾನ ಪಡಬೇಕು. ಮೊದಲ ನೀರು ಒಂದು ಬಾಟಲಿ, ಹತ್ತು ನಿಮಿಷ ಬಿಟ್ಟು ಬರುವ ನೀರು ಇನ್ನೊಂದು ಬಾಟಲಿ. ಬೆರೆಸಬೇಡಿ.

ಮಂಟಪದ ಹುಡುಗ

ಲ್ಯಾಬ್ ಸರ್ ಹೇಳಿದ್ದಕ್ಕೆ ನೂರು ಅಂಕ. ನಾನು ಇಲ್ಲಿಯವನೇ, ಮೂರು ತಲೆಮಾರಿಂದ.

ಅಕ್ಕ, ಇದು ತುಂಗೆ ನೀರು. ತುಂಗಾ ಪಾನ ಗಂಗಾ ಸ್ನಾನ ಅಂತ ಕೇಳಿರ್ತೀರಲ್ಲ. ಆದ್ರೆ ಆ ಮಾತು ಹುಟ್ಟಿದಾಗ ಹೊಳೆಗೆ ಮೇಲಿನ ಊರುಗಳ ಇಷ್ಟೊಂದು ಕೊಳಚೆ ಸೇರ್ತಿರಲಿಲ್ಲ. ಸುಮ್ನೆ ಹೆಮ್ಮೆಗೆ ಹಸೀ ನೀರು ಕುಡಿಯೋದು ಬೇಡ. ನಮ್ಮ ಲೆಕ್ಕ ಬಹಳ ಸುಲಭ. ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿತು ಅಂದ್ರೆ ಊರೆಲ್ಲ ನೋಡೋಕೆ ಹೋಗುತ್ತೆ, ನಮ್ಮಮ್ಮ ಮಾತ್ರ ಮನೆಯಲ್ಲಿರುವ ಕೊಡ, ಬಕೆಟ್, ಹಂಡೆ ಎಲ್ಲಾ ತುಂಬಿಸಿ ಇಡ್ತಾರೆ. ನಾಳೆ ನಲ್ಲೀಲಿ ಕೆಂಪು ನೀರು ಗ್ಯಾರಂಟಿ ಅಂತ.

ವಾಸನೆ ವಿಷಯಕ್ಕೆ ಬಂದ್ರೆ, ರಸ್ತೆ ಪೈಪಿನಿಂದ ನಿಮ್ಮ ಮನೆಗೆ ಬರುವ ಕನೆಕ್ಷನ್ ಪೈಪ್ ಎಲ್ಲಿ ಹಾದು ಬರುತ್ತೆ ನೋಡಿ. ಹಳೇ ಮನೆಗಳಲ್ಲಿ ಮುಕ್ಕಾಲು ಪಾಲು ಮನೆ ಮುಂದಿನ ಮೋರಿ ಒಳಗೇ ದಾಟಿರುತ್ತೆ. ಜಿಐ ಪೈಪ್, ಅಂದ್ರೆ ಸತು ಬಳಿದ ಕಬ್ಬಿಣದ್ದು, ತುಕ್ಕು ಹಿಡಿದು ತೂತು. ನೀರು ಬರುವಾಗ ಒತ್ತಡಕ್ಕೆ ನೀರು ಹೊರಗೆ ಚಿಮ್ಮುತ್ತೆ, ಯಾರಿಗೂ ಗೊತ್ತಾಗಲ್ಲ. ನೀರು ನಿಂತ ಮೇಲೆ ಪೈಪ್ ಖಾಲಿ. ಆಗ ಅದೇ ತೂತಿಂದ ಮೋರಿ ನೀರು ಒಳಗೆ. ಮರುದಿನ ಮೊದಲ ಬಕೆಟ್ ಅದೇ. ಬೀದಿಯಲ್ಲಿ ಯಾರಾದರೂ ಲೈನಿಗೇ ಮೋಟರ್ ಹಾಕಿ ಎಳೆಯುವವರು ಇದ್ದರೆ ಇನ್ನೂ ಗ್ರಹಚಾರ.

ಸಂಪ್ ಕೂಡ ತೆಗೆಸಿ ನೋಡಿ. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಕಡೆ ಸಂಪ್‌ಗಳಿಗೆಲ್ಲ ಹೊಳೆ ನೀರು ನುಗ್ಗಿತ್ತು. ಎಷ್ಟೋ ಬಾಡಿಗೆ ಮನೆಗಳಲ್ಲಿ ಓನರ್ ಮುಚ್ಚಳ ಎತ್ತಿ ಕೂಡ ನೋಡಿಲ್ಲ.

ಕೋಲಾರದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ್ದೆಲ್ಲಾ ಮಾಡಿದೆ.

ಉಪ್ಪಿನ ಆಟಕ್ಕೆ ಆ ಹುಡುಗ ಒಪ್ಪಲಿಲ್ಲ. "ಮೇಡಂ, ಮಿಷನ್ ಹಾಳಾಗುತ್ತೆ" ಅಂತ ಬ್ಯಾಗ್ ಕಟ್ಟಿದ. ಅತ್ತೆಗೆ ಅಷ್ಟೇ ಸಾಕಾಯಿತು.

ಮೊದಲ ನೀರಿನ ಎಚ್‌2ಎಸ್ ಬಾಟಲಿ ಮರುದಿನವೇ ಕಪ್ಪು. ಅತ್ತೆ ಅದನ್ನು ಅಡುಗೆಮನೆಯಿಂದ ಆಚೆ ಇಡಿಸಿದರು. ಹತ್ತು ನಿಮಿಷದ ನಂತರದ ನೀರಿನ ಬಾಟಲಿ ಎರಡು ದಿನ ಆದರೂ ಬದಲಾಗಲಿಲ್ಲ. ಓಟಿ ಹಾಕಿದರೆ ಮೊದಲ ನೀರಿಗೆ ಬಣ್ಣವೇ ಇಲ್ಲ, ಆಮೇಲಿನದಕ್ಕೆ ಚೆನ್ನಾಗಿ ಹಳದಿ.

ಪ್ಲಂಬರ್ ಕರೆಸಿ ಗೇಟಿನ ಮುಂದೆ ಚಪ್ಪಡಿ ಎತ್ತಿಸಿದೆವು. ಮಂಟಪದ ಹುಡುಗ ಹೇಳಿದ್ದು ಅಕ್ಷರಶಃ ಅದೇ. ಪೈಪ್ ಮೋರಿ ಮಧ್ಯೆ ಅಡ್ಡ ಹೋಗಿದೆ, ಅದಕ್ಕೆ ಪ್ಲಾಸ್ಟಿಕ್ ಕವರು, ಕೂದಲು ಸಿಕ್ಕಿಕೊಂಡಿವೆ. ಯಾರೋ ಯಾವುದೋ ಕಾಲದಲ್ಲಿ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಪ್ಲಂಬರ್ ಟ್ಯೂಬ್ ಬಿಚ್ಚಿ ಬೆರಳಿನಿಂದ ಒತ್ತಿದ. ಪೈಪೇ ಒಳಗೆ ಕುಸಿಯಿತು. ಇದರ ಮೂಲಕ ಬಂದ ನೀರಿನಲ್ಲಿ ನಾನು ಮಗನಿಗೆ ಹಾಲು ಕಲಸಿದ್ದೇನೆ.

ಓನರ್ ಹತ್ತಿರ ಒಂದು ಸುತ್ತು ಜಗಳ ಆಗಿ, ಪೈಪಿನ ದುಡ್ಡು ಅವರದು ಕೂಲಿ ನಮ್ಮದು ಅಂತ ತೀರ್ಮಾನ ಆಯಿತು. ಮೋರಿಯ ಮೇಲಿಂದ, ಜಾಯಿಂಟ್ ಇಲ್ಲದ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಕಿಸಿದೆವು. ಈಗ ಮೊದಲ ನೀರಿಗೂ ಹಳದಿ ಬರುತ್ತಿದೆ.

ಒಂದು ಅರ್ಥ ಆಗ್ತಿಲ್ಲ ಸರ್. ಸಂಪ್ ಹತ್ತಿರದ ನಲ್ಲಿಯಲ್ಲಿ ಹಳದಿ ಬರುತ್ತೆ. ಅಡುಗೆಮನೆ ನಲ್ಲಿಯಲ್ಲಿ ಬಣ್ಣವೇ ಇಲ್ಲ. ಮತ್ತೆ ಎಲ್ಲೋ ತೂತಾ? ಇನ್ನೊಂದು, ಕೋಲಾರದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಅವರೂ ಆರ್‌ಒ ತೆಗೆದುಹಾಕಿ ಕುದಿಸಿ ಕುಡಿಯಬಹುದಾ?

ನಿವೃತ್ತ ಲ್ಯಾಬ್‌ನವ

ಅಮ್ಮನ ಆರ್‌ಒ ಮುಟ್ಟಬೇಡಿ! ಕೋಲಾರದ ಆಳದ ಬೋರ್ ನೀರಿನ ಕಥೆಯೇ ಬೇರೆ. ಅಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಗತಿ ಇಲ್ಲದಿದ್ದರೆ 1.5. ಅದಕ್ಕಿಂತ ಜಾಸ್ತಿ ಇರುವ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು, ಆಮೇಲೆ ಮೂಳೆ ಗಂಟು ಬಿಗಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿ ಆಗುತ್ತೆ. ಅದನ್ನು ತೆಗೆಯಲು ಆರ್‌ಒ ಥರದ್ದು ಬೇಕು. ಊರಿಂದ ಊರಿಗೆ ನೀರು ಬೇರೆ, ಮದ್ದೂ ಬೇರೆ. ಈ ಮಾರುವವರು ಎಲ್ಲಾ ಊರಿಗೂ ಒಂದೇ ಡಬ್ಬ ಹೊತ್ತುಕೊಂಡು ಬರುತ್ತಾರೆ, ಅದೇ ನನ್ನ ಸಿಟ್ಟು.

ಅಡುಗೆಮನೆ ನಲ್ಲಿ ಮೇಲಿನ ಟ್ಯಾಂಕಿನದಲ್ವಾ? ತೂತು ಇರಲೇಬೇಕೆಂದಿಲ್ಲ. ಬಿಸಿಲಿಗೆ, ಗಾಳಿಗೆ, ಟ್ಯಾಂಕಿನ ಗೋಡೆಯ ಪಾಚಿಗೆ ಕ್ಲೋರಿನ್ ಕಳೆದುಹೋಗುತ್ತೆ. ಕುಡಿಯುವ ನೀರನ್ನು ಬೆಳಿಗ್ಗೆ ಸಂಪ್ ಹತ್ತಿರದ ನೇರ ನಲ್ಲಿಯಲ್ಲೇ ಹಿಡಿದಿಡಿ. ಟ್ಯಾಂಕ್ ನೀರು ಪಾತ್ರೆ ಬಟ್ಟೆಗೆ ಇರಲಿ.

ಸಂಪ್ ಮತ್ತು ಟ್ಯಾಂಕ್ ಒಮ್ಮೆ ಖಾಲಿ ಮಾಡಿಸಿ ಉಜ್ಜಿಸಿ. ಸಂಪಿಗೆ ಇಳಿಯುವವರು ಒಬ್ಬರೇ ಇಳಿಯಬಾರದು, ಮುಚ್ಚಳ ಮೊದಲೇ ತೆಗೆದು ಗಾಳಿ ಆಡಲು ಬಿಡಿ. ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿ ಮಾತ್ರ ಸುರಿಯಿರಿ. ಒಂದು ಗಂಟೆ ಬಿಟ್ಟು ಓಟಿ ಹಾಕಿ ನೋಡಿ. ಪುಡಿ ಹೊಸ ಪೊಟ್ಟಣದ್ದೇ ಆಗಿರಲಿ, ಬಾಯಿ ತೆರೆದಿಟ್ಟ ಪುಡಿಗೆ ಕಸುವು ಉಳಿಯಲ್ಲ.

ಮಳೆಗಾಲಕ್ಕೆ ಏನಾದರೂ ಕೊಳ್ಳಲೇಬೇಕು ಅಂದ್ರೆ ಕರೆಂಟ್ ಬೇಡದ ಯುಎಫ್ ಫಿಲ್ಟರ್ (ಅತಿ ಸಣ್ಣ ರಂಧ್ರದ ಪೊರೆಯಲ್ಲಿ ಸೋಸುವುದು) ಸಾಕು, ಮಣ್ಣೂ ತಡೆಯುತ್ತೆ, ಬ್ಯಾಕ್ಟೀರಿಯಾನೂ ತಡೆಯುತ್ತೆ. ವೈರಸ್ಸಿಗೆ ಅದು ಸಾಲದು, ಮಗುವಿನ ನೀರು ಹೇಗೂ ಕುದಿಸುತ್ತೀರಲ್ಲ. ಬರೀ ಯುವಿ, ಅಂದ್ರೆ ಅತಿನೇರಳೆ ಬೆಳಕಿನಿಂದ ಕ್ರಿಮಿ ಕೊಲ್ಲುವುದು, ತಗೊಂಡರೆ ಕೆಂಪು ನೀರಿನಲ್ಲಿ ಬೆಳಕು ಒಳಗೆ ಇಳಿಯಲ್ಲ, ದುಡ್ಡು ದಂಡ.

ಓಟಿ ಬಾಟಲಿ ಮಗುವಿನ ಕೈಗೆ ಸಿಗದ ಕಡೆ ಇಟ್ಟಿದ್ದೀರಿ ತಾನೇ?

ಕೋಲಾರದವಳು

ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಸರ್. ಈಗ ನನಗೇ ಬೇಕಂದ್ರೂ ಕೇಳಿ ಇಸ್ಕೋಬೇಕು.